ರಸಪ್ರಶ್ನೆ: ಮೇಜಿನ ಸುತ್ತಣ ಒಂದು ಜ್ಞಾನಕ್ರೀಡೆ

ಪ್ರಶ್ನೆ ಕೇಳುವುದೂ ಉತ್ತರ ಹೇಳುವುದೂ ಬಹು ಪ್ರಾಚೀನವಾದ ವಿನೋದ. ಅರಳಿಕಟ್ಟೆಯ ಮೇಲೆ ಕುಳಿತು ಒಗಟು ಒಡ್ಡುತ್ತಿದ್ದ ಹಿರಿಯರು, ರಾಜಾಸ್ಥಾನಗಳಲ್ಲಿ ಸಮಸ್ಯಾಪೂರಣ ಮಾಡುತ್ತಿದ್ದ ಕವಿಗಳು, ಬೆಡಗಿನ ವಚನಗಳ ಗಂಟನ್ನು ಒಂದೊಂದಾಗಿ ಬಿಡಿಸುತ್ತ ಕುಳಿತ ಟೀಕಾಕಾರರು, ಇವರೆಲ್ಲರೂ ಆ ವಿನೋದದ ವಾರಸುದಾರರೇ ಸರಿ. ಮಹಾಭಾರತದ ಯಕ್ಷಪ್ರಶ್ನೆಯ ಪ್ರಸಂಗವಂತೂ ಸರ್ವವಿದಿತವಾದುದು. ಆದರೆ ಆ ಪ್ರಸಂಗದಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಸಂಗತಿಯೊಂದುಂಟು. ಧರ್ಮರಾಯನು ಉತ್ತರಿಸುತ್ತಿದ್ದಾಗ ಅವನ ನಾಲ್ವರು ತಮ್ಮಂದಿರೂ ಸರೋವರದ ದಡದಲ್ಲಿ ನಿಶ್ಚೇಷ್ಟಿತರಾಗಿ ಬಿದ್ದಿದ್ದರು. ಅವರೊಡನೆ ಸಮಾಲೋಚಿಸುವ ಅವಕಾಶವೇ ಅವನಿಗಿರಲಿಲ್ಲ. ಒಬ್ಬನೇ ನಿಂತು ಒಬ್ಬನೇ ಉತ್ತರಿಸುವುದು ವಿದ್ಯಾಪರೀಕ್ಷೆಯ ಹಳೆಯ ಪದ್ಧತಿ. ನಮ್ಮ ಪರೀಕ್ಷಾಮಂದಿರಗಳಲ್ಲಿಯೂ ಇಂದಿಗೂ ನಡೆದಿರುವುದು ಅದೇ. ಪಕ್ಕದ ವಿದ್ಯಾರ್ಥಿಯ ಕಡೆಗೆ ಕತ್ತು ತಿರುಗಿಸುವುದು ಅಲ್ಲಿ ಅಪರಾಧ.

ಇದಕ್ಕೆ ತೀರ ವಿರುದ್ಧವಾದ ಪದ್ಧತಿಯೊಂದು ಕಳೆದ ಅರ್ಧ ಶತಮಾನದಲ್ಲಿ ಬ್ರಿಟನ್ ದೇಶದಲ್ಲಿ ಬೆಳೆದು ಬಂದಿದೆ. ಅಲ್ಲಿ ನಾಲ್ಕಾರು ಮಂದಿ ಮಿತ್ರರು ಒಂದು ಮೇಜಿನ ಸುತ್ತ ಕುಳಿತು, ಒಂದೇ ಹಾಳೆ ಒಂದೇ ಪೆನ್ಸಿಲ್ ಇಟ್ಟುಕೊಂಡು, ಕಿವಿಯಲ್ಲಿ ಕಿವಿಯಿಟ್ಟು ಮಾತನಾಡಿ ಉತ್ತರ ಬರೆಯುತ್ತಾರೆ. ಸಮಾಲೋಚನೆ ಅಲ್ಲಿ ಅಪರಾಧವಲ್ಲ, ಅದೇ ಆಟ. ಆಂಗ್ಲಭಾಷೆಯಲ್ಲಿ ಇದಕ್ಕೆ ‘ಪಬ್ ಕ್ವಿಜ್’ ಎಂದು ಹೆಸರು. ಇಂಗ್ಲೆಂಡಿನಲ್ಲಿ ಉದ್ಯೋಗನಿಮಿತ್ತ ನೆಲಸಿರುವ ಹಳೆಯ ವಿದ್ಯಾರ್ಥಿಗಳಿಗೆ ಇದು ಹೊಸದಾಗಿರಲಾರದು. ಉಳಿದವರಿಗಾಗಿ ಅದರ ಪರಿಚಯವನ್ನು ಇಲ್ಲಿ ಮಾಡಿಕೊಡಲಾಗಿದೆ.

‘ಪಬ್’ ಎಂಬ ಶಬ್ದವನ್ನು ಕೇಳಿದೊಡನೆ ಈ ಸಂಪುಟದ ವಾಚಕರಲ್ಲಿ ಅನೇಕರು ಮುಖ ತಿರುಗಿಸುವುದು ಸಹಜ. ಮದ್ಯದ ಅಂಗಡಿಗೂ ವಿದ್ಯೆಗೂ ಎಲ್ಲಿಯ ಸಂಬಂಧ? ಆದರೆ ಶಬ್ದದ ಮೂಲವನ್ನು ನೋಡಿದರೆ ಅದು ‘ಸಾರ್ವಜನಿಕ ಗೃಹ’ ಎಂಬರ್ಥದ ಪದದ ಸಂಕ್ಷೇಪ. ಇಂಗ್ಲೆಂಡಿನ ಹಳ್ಳಿಯಲ್ಲಿ ಚರ್ಚಿನ ನಂತರ ಊರವರೆಲ್ಲ ಕೂಡುವ ಸ್ಥಳ ಅದೊಂದೇ. ಅಲ್ಲಿ ಊಟ ದೊರೆಯುತ್ತದೆ, ಚಹವೂ ನಿಂಬೆಯ ಪಾನಕವೂ ದೊರೆಯುತ್ತವೆ, ಚಳಿಗಾಲದಲ್ಲಿ ಬೆಂಕಿ ಕಾಯಿಸಿಕೊಳ್ಳಲು ಜಾಗವಿರುತ್ತದೆ. ಮದ್ಯಪಾನ ಮಾಡದೆಯೇ ಪಂದ್ಯದಲ್ಲಿ ಭಾಗವಹಿಸುವವರಿಗೆ ಯಾವ ಅಡ್ಡಿಯೂ ಇಲ್ಲ. ಮದ್ಯವು ಜ್ಞಾಪಕಶಕ್ತಿಗೆ ಸಹಾಯಕವಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಮೊದಲ ಸುತ್ತಿನ ಉತ್ತರಪತ್ರಿಕೆಯ ಕೈಬರಹವನ್ನೂ ಕೊನೆಯ ಸುತ್ತಿನ ಕೈಬರಹವನ್ನೂ ಹೋಲಿಸಿದರೆ ಸಾಕು.

ಇನ್ನು ‘ಕ್ವಿಜ್’ ಎಂಬ ಶಬ್ದದ ವಿಚಾರ. ಡಬ್ಲಿನ್ ನಗರದ ನಾಟಕಶಾಲೆಯ ಒಡೆಯನೊಬ್ಬನು ೧೭೯೧ರಲ್ಲಿ ಪಣ ಕಟ್ಟಿ, ಅರ್ಥವಿಲ್ಲದ ಈ ಶಬ್ದವನ್ನು ಊರಿನ ಗೋಡೆಗಳ ಮೇಲೆಲ್ಲ ಬರೆಸಿ, ಒಂದೇ ದಿನದಲ್ಲಿ ಎಲ್ಲರ ಬಾಯಿಗೂ ಬರುವಂತೆ ಮಾಡಿದನೆಂಬ ಕಥೆಯೊಂದು ಪ್ರಚಲಿತವಾಗಿದೆ. ಕಥೆ ರಸವತ್ತಾಗಿದೆ, ಆದರೆ ನಿಜವಲ್ಲ. ಅದಕ್ಕೆ ಮುಂಚಿನ ಬರಹಗಳಲ್ಲಿಯೇ ‘ವಿಲಕ್ಷಣ ವ್ಯಕ್ತಿ’ ಎಂಬರ್ಥದಲ್ಲಿ ಆ ಶಬ್ದ ದೊರೆಯುತ್ತದೆ. ಪ್ರಶ್ನೆ ಕೇಳಿ ಪರೀಕ್ಷಿಸುವುದೆಂಬ ಅರ್ಥ ಅದಕ್ಕೆ ಬಂದುದು ೧೯ನೆಯ ಶತಮಾನದ ಉತ್ತರಾರ್ಧದಲ್ಲಿ. ಇಂಥ ಪಂದ್ಯಗಳ ಪ್ರಶ್ನೆಗಳಿಗೆ ‘ಟ್ರಿವಿಯಾ’ ಎಂಬ ಇನ್ನೊಂದು ಹೆಸರೂ ಉಂಟು. ಲ್ಯಾಟಿನ್ ಭಾಷೆಯ ‘ಟ್ರಿವಿಯಂ’ ಎಂದರೆ ಮೂರು ದಾರಿ ಕೂಡುವ ಸ್ಥಳ. ಅಂಥ ಕೂಡುದಾರಿಯಲ್ಲಿ ನಿಂತು ಜನ ಆಡುವ ಮಾತು ಕ್ಷುಲ್ಲಕವೆಂಬ ಭಾವನೆಯಿಂದ ಈ ಶಬ್ದಕ್ಕೆ ಕ್ಷುಲ್ಲಕವೆಂಬ ಅರ್ಥ ಅಂಟಿಕೊಂಡಿತೆನ್ನುತ್ತಾರೆ. ವಿಚಿತ್ರವೆಂದರೆ ಮಧ್ಯಯುಗದ ಯೂರೋಪಿನ ವಿದ್ಯಾಲಯಗಳಲ್ಲಿ ಇದೇ ‘ಟ್ರಿವಿಯಂ’ ಎಂಬ ಹೆಸರು ಮೂರು ಆರಂಭಿಕ ಶಾಸ್ತ್ರಗಳಿಗೆ ಸಲ್ಲುತ್ತಿತ್ತು. ಅವು ಯಾವುವೆಂದರೆ ವ್ಯಾಕರಣ, ತರ್ಕ, ಅಲಂಕಾರ. ನಮ್ಮ ಸಂಸ್ಕೃತ ಪಾಠಶಾಲೆಗಳ ವಿದ್ವಾಂಸರು ಇದನ್ನು ಕೇಳಿ ನಗಬಹುದು. ತಾವು ಜೀವಮಾನವೆಲ್ಲ ವ್ಯಾಸಂಗ ಮಾಡಿದುದು ಟ್ರಿವಿಯಾವನ್ನೇ! ಕನ್ನಡದಲ್ಲಿ ರೂಢಿಗೆ ಬಂದಿರುವ ‘ರಸಪ್ರಶ್ನೆ’ ಎಂಬ ಮಾತು ಇವೆರಡಕ್ಕಿಂತಲೂ ಉಚಿತವಾದುದು. ಪ್ರಶ್ನೆಯಲ್ಲಿ ರಸವಿರಬೇಕು, ಬರಿಯ ಮಾಹಿತಿ ಸಾಲದು ಎಂಬುದನ್ನು ಆ ಸಮಾಸವೇ ಸಾರುತ್ತದೆ.

ಬ್ರಿಟನ್ನಿನಲ್ಲಿ ಪ್ರಶ್ನೋತ್ತರದ ರುಚಿಯನ್ನು ಜನಸಾಮಾನ್ಯರಿಗೆ ಹತ್ತಿಸಿದುದು ಮೊದಲು ರೇಡಿಯೋ. ೧೯೪೬ರಲ್ಲಿ ಆರಂಭವಾದ ‘ಹ್ಯಾವ್ ಎ ಗೋ’ ಎಂಬ ಕಾರ್ಯಕ್ರಮ ಊರಿಂದೂರಿಗೆ ಸಂಚರಿಸಿ, ಸಾಮಾನ್ಯ ಜನರನ್ನೇ ವೇದಿಕೆಗೆ ಕರೆದು ಪ್ರಶ್ನೆ ಕೇಳುತ್ತಿತ್ತು. ೧೯೬೨ರಲ್ಲಿ ವಿಶ್ವವಿದ್ಯಾಲಯಗಳ ತಂಡಗಳ ಪಂದ್ಯವೂ, ೧೯೭೨ರಲ್ಲಿ ಕತ್ತಲೆಯ ನಡುವೆ ಒಂಟಿ ಕುರ್ಚಿಯಲ್ಲಿ ಕುಳ್ಳಿರಿಸಿ ಕೇಳುವ ‘ಮಾಸ್ಟರ್‌ಮೈಂಡ್’ ಪಂದ್ಯವೂ ದೂರದರ್ಶನದಲ್ಲಿ ಬಂದವು. ಈ ಎರಡನೆಯದನ್ನು ರೂಪಿಸಿದ ಬಿಲ್ ರೈಟ್ ಎಂಬಾತನು ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿ ವಿಚಾರಣೆಗೆ ಗುರಿಯಾದವನು. ಆ ಅನುಭವವೇ ಒಂಟಿ ಕುರ್ಚಿಗೆ ಮೂಲವಾಯಿತು.

ಪಬ್ಬುಗಳಲ್ಲಿ ವಾದವಿವಾದಗಳು ಮೊದಲಿನಿಂದಲೂ ಇದ್ದವು. ಅವುಗಳ ತೀರ್ಮಾನಕ್ಕಾಗಿಯೇ ಜಗತ್ಪ್ರಸಿದ್ಧವಾದ ಗ್ರಂಥವೊಂದು ಹುಟ್ಟಿತೆಂಬುದು ಸ್ವಾರಸ್ಯದ ಸಂಗತಿ. ೧೯೫೧ರ ನವೆಂಬರಿನಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಪ್ರಾಂತದಲ್ಲಿ ಬೇಟೆಗೆ ಹೋಗಿದ್ದ ಸರ್ ಹ್ಯೂ ಬೀವರ್ ಎಂಬವರು ‘ಗೋಲ್ಡನ್ ಪ್ಲೋವರ್’ ಎಂಬ ಹಕ್ಕಿಗೆ ಗುರಿಯಿಟ್ಟು ತಪ್ಪಿದರು. ಯೂರೋಪಿನ ಬೇಟೆಹಕ್ಕಿಗಳಲ್ಲಿ ಅದೇ ಅತಿ ವೇಗದ್ದೋ ಅಥವಾ ‘ಗ್ರೌಸ್’ ಎಂಬ ಇನ್ನೊಂದೋ ಎಂಬ ಚರ್ಚೆ ಆ ರಾತ್ರಿ ಎದ್ದಿತು. ಯಾವ ಪುಸ್ತಕದಲ್ಲಿಯೂ ಉತ್ತರ ಸಿಗಲಿಲ್ಲ. ಬೀವರರು ಗಿನ್ನೆಸ್ ಎಂಬ ಮದ್ಯದ ಕಾರ್ಖಾನೆಯ ಆಡಳಿತ ನಿರ್ದೇಶಕರಾಗಿದ್ದರು. ದೇಶದ ಸಹಸ್ರಾರು ಪಬ್ಬುಗಳಲ್ಲಿ ಇಂಥ ಚರ್ಚೆಗಳು ದಿನವೂ ನಡೆಯುತ್ತಿರಬೇಕೆಂದು ಅವರಿಗೆ ಹೊಳೆಯಿತು. ನಾರಿಸ್ ಮತ್ತು ರಾಸ್ ಮೆಕ್‌ವರ್ಟರ್ ಎಂಬ ಅವಳಿ ಸೋದರರನ್ನು ನಿಯಮಿಸಿ ಅವರು ಸಿದ್ಧಪಡಿಸಿದ ‘ಗಿನ್ನೆಸ್ ದಾಖಲೆಗಳ ಗ್ರಂಥ’ ೧೯೫೫ರಲ್ಲಿ ಹೊರಬಂದಿತು. ಜಗಳ ಬಿಡಿಸಲೆಂದು ಹುಟ್ಟಿದ ಪುಸ್ತಕ ಎಷ್ಟು ಹೊಸ ಜಗಳಗಳಿಗೆ ಕಾರಣವಾಯಿತೋ ಲೆಕ್ಕವಿಲ್ಲ.

ಲಿವರ್‌ಪೂಲ್ ನಗರದ ಸುತ್ತಮುತ್ತ ೧೯೫೦ರ ದಶಕದ ಕೊನೆಯಿಂದಲೇ ಪಬ್ಬುಗಳ ನಡುವೆ ರಸಪ್ರಶ್ನೆಯ ಪಂದ್ಯಾವಳಿಗಳಿದ್ದವು. ಆದರೆ ಅದನ್ನು ದೇಶವ್ಯಾಪಿಯಾಗಿ ಹಬ್ಬಿಸಿದ ಶ್ರೇಯಸ್ಸು ಶ್ಯಾರನ್ ಬರ್ನ್ಸ್ ಮತ್ತು ಟಾಮ್ ಪೋರ್ಟರ್ ಎಂಬ ಇಬ್ಬರಿಗೆ ಸಲ್ಲುತ್ತದೆ. ೧೯೭೬ರಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ೩೨ ತಂಡಗಳಿಂದ ಅವರು ಆರಂಭಿಸಿದ ವ್ಯವಸ್ಥೆ ಬೆಳೆಬೆಳೆದು ಹತ್ತು ಸಾವಿರ ತಂಡಗಳಿಗೆ ಮುಟ್ಟಿತು. ಅವರ ಯುಕ್ತಿ ಸರಳವಾಗಿತ್ತು. ವಾರದ ಕೊನೆಯಲ್ಲಿ ಕಿಕ್ಕಿರಿಯುವ ಪಬ್ಬುಗಳು ವಾರದ ನಡುವೆ ಖಾಲಿ ಹೊಡೆಯುತ್ತಿದ್ದವು; ಆ ಬರಿದಾದ ಸಂಜೆಗಳಿಗೆ ಜನರನ್ನು ಕರೆತರುವ ಉಪಾಯವೊಂದು ಮಾಲೀಕರಿಗೆ ಬೇಕಾಗಿತ್ತು. ವ್ಯಾಪಾರದ ಕಾರಣಕ್ಕಾಗಿ ಹುಟ್ಟಿದ ಪದ್ಧತಿ ಎಂಬುದನ್ನು ಮರೆಮಾಚಬೇಕಾದ್ದಿಲ್ಲ. ಜಾತ್ರೆಗಳೂ ಹಾಗೆಯೇ ಬೆಳೆದವಲ್ಲವೆ?

ಒಂದು ಸಂಜೆಯ ಪಂದ್ಯ ನಡೆಯುವ ಬಗೆ ಹೀಗಿರುತ್ತದೆ. ನಾಲ್ಕರಿಂದ ಆರು ಜನರ ತಂಡಗಳು ಒಂದೊಂದು ಮೇಜನ್ನು ಹಿಡಿಯುತ್ತವೆ. ತಲೆಗೆ ಒಂದೋ ಎರಡೋ ಪೌಂಡು ಪ್ರವೇಶಧನ. ಅದನ್ನು ಒಟ್ಟುಗೂಡಿಸಿ ಗೆದ್ದವರಿಗೆ ಕೊಡುವುದು ವಾಡಿಕೆ. ಪ್ರತಿ ತಂಡವೂ ತನಗೊಂದು ಹೆಸರಿಟ್ಟುಕೊಳ್ಳುತ್ತದೆ, ಅದು ಹಾಸ್ಯದ ಹೆಸರಾಗಿರಲೇಬೇಕು. ಪ್ರಶ್ನಕಾರನು ಧ್ವನಿವರ್ಧಕ ಹಿಡಿದು ಹತ್ತು ಹತ್ತು ಪ್ರಶ್ನೆಗಳ ಸುತ್ತುಗಳನ್ನು ನಡೆಸುತ್ತಾನೆ: ಚರಿತ್ರೆ, ಭೂಗೋಳ, ಕ್ರೀಡೆ, ವಿಜ್ಞಾನ, ಆ ವಾರದ ಸುದ್ದಿ. ಒಂದು ಸುತ್ತಿನಲ್ಲಿ ಮುದ್ರಿತ ಚಿತ್ರಗಳ ಹಾಳೆ ಹಂಚಿ ಗುರುತಿಸಲು ಹೇಳುತ್ತಾರೆ. ಇನ್ನೊಂದರಲ್ಲಿ ಹಾಡಿನ ತುಣುಕು ಕೇಳಿಸುತ್ತಾರೆ. ಸುತ್ತು ಮುಗಿದ ಮೇಲೆ ಉತ್ತರಪತ್ರಿಕೆಗಳನ್ನು ಪಕ್ಕದ ಮೇಜಿನವರೊಡನೆ ಬದಲಾಯಿಸಿಕೊಂಡು ಅವರವರೇ ಮೌಲ್ಯಮಾಪನ ಮಾಡುತ್ತಾರೆ. ಎದುರಾಳಿಯ ಕೈಗೇ ತಕ್ಕಡಿ ಕೊಡುವ ಈ ಪದ್ಧತಿ ಎಷ್ಟೋ ವರ್ಷಗಳಿಂದ ನಿರ್ವಿಘ್ನವಾಗಿ ನಡೆದಿದೆ ಎಂಬುದು ಗಮನಾರ್ಹ. ಸಮಾಂಕ ಬಂದಲ್ಲಿ ಸಂಖ್ಯೆಯನ್ನು ಊಹಿಸುವ ಪ್ರಶ್ನೆಯೊಂದು. ಯಾರ ಊಹೆ ಸತ್ಯಕ್ಕೆ ಹತ್ತಿರವೋ ಅವರಿಗೆ ಜಯ.

ಇಷ್ಟು ಹೊರಗಣ ವಿಚಾರ. ಒಳಗಣದನ್ನು ನೋಡಬೇಕಾದರೆ ಒಂದು ಮೇಜಿನ ಬಳಿ ನಿಲ್ಲಬೇಕು. ಅಲ್ಲಿ ಒಬ್ಬ ಅಂಚೆಯವ, ಒಬ್ಬ ದಾದಿ, ಒಬ್ಬ ನಿವೃತ್ತ ರೈಲ್ವೆ ನೌಕರ, ಒಬ್ಬ ಕಾಲೇಜು ವಿದ್ಯಾರ್ಥಿನಿ ಕುಳಿತಿರುವರೆಂದು ಭಾವಿಸೋಣ. ಪ್ರಶ್ನೆ ಬರುತ್ತದೆ: ‘ಮ್ಯಾರಥಾನ್ ಓಟದ ದೂರ ೨೬ ಮೈಲಿ ೩೮೫ ಗಜ. ಪೂರ್ಣ ಸಂಖ್ಯೆಯಲ್ಲದ ಈ ದೂರಕ್ಕೆ ಕಾರಣವೇನು?’ ನಾಲ್ವರಲ್ಲಿ ಯಾರಿಗೂ ಉತ್ತರ ತಿಳಿಯದು. ದಾದಿ ಓಟಗಾರ್ತಿ, ಮೊದಮೊದಲ ಒಲಿಂಪಿಕ್ ಓಟಗಳಲ್ಲಿ ಈ ದೂರ ಒಂದೊಂದು ಸಲ ಒಂದೊಂದು ಬಗೆಯಾಗಿತ್ತೆಂದು ಅವಳಿಗೆ ಗೊತ್ತು. ಹಾಗಾದರೆ ಯಾವುದೋ ಒಂದು ಊರಿನ ರಸ್ತೆಯ ಅಳತೆಯೇ ನಿಂತುಹೋಗಿರಬೇಕೆಂದು ಅಂಚೆಯವ ತರ್ಕಿಸುತ್ತಾನೆ. ಮೈಲಿ ಗಜಗಳ ಲೆಕ್ಕವಾದ್ದರಿಂದ ಅದು ಇಂಗ್ಲೆಂಡೇ ಇರಬೇಕು. ೧೯೦೮ರ ಒಲಿಂಪಿಕ್ ಲಂಡನ್ನಿನಲ್ಲಿ ನಡೆಯಿತೆಂದು ವಿದ್ಯಾರ್ಥಿನಿ ನೆನೆಯುತ್ತಾಳೆ. ಇಷ್ಟು ಹೊತ್ತು ಸುಮ್ಮನಿದ್ದ ರೈಲ್ವೆಯ ಮುದುಕನು, ‘ಓಟ ವಿಂಡ್ಸರ್ ಅರಮನೆಯಿಂದ ಹೊರಟಿತಂತೆ, ನಮ್ಮ ಅಜ್ಜ ಹೇಳುತ್ತಿದ್ದರು’ ಎನ್ನುತ್ತಾನೆ. ಅರಮನೆಯಿಂದ ಹೊರಟಿದ್ದರೆ ಮುಗಿದದ್ದು ಎಲ್ಲಿ? ರಾಜಮನೆತನದವರು ಕುಳಿತ ಆಸನದ ಮುಂದೆ! ಅದೇ ಸರಿಯುತ್ತರ. ಆಮೇಲೆ ೧೯೨೧ರಲ್ಲಿ ಆ ದೂರವೇ ಶಾಶ್ವತವಾಗಿ ನಿಗದಿಯಾಯಿತು. ನಾಲ್ವರಲ್ಲಿ ಯಾರೊಬ್ಬರ ತಲೆಯಲ್ಲಿಯೂ ಇಲ್ಲದ ಉತ್ತರ ನಾಲ್ವರ ನಡುವೆ ಹುಟ್ಟಿತು.

ಕಾಯಕ ಬೇರೆಬೇರೆಯಾದ ಜನ ಒಂದೆಡೆ ಕೂಡಿ ಚರ್ಚಿಸಿದಾಗ ಇಂಥದು ನಡೆಯುತ್ತದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಮೊದಲಾದ ಶರಣರು ಕೂಡಿದ್ದ ಅನುಭವ ಮಂಟಪದ ಪರಂಪರೆಯವರಿಗೆ ಇದನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಅನುಚಿತ. ಅನುಭಾವವೇ ಬೇರೆ, ಹಕ್ಕಿಯ ವೇಗದ ಲೆಕ್ಕವೇ ಬೇರೆ.

ಆದರೆ ಮೇಜಿನ ಬಳಿ ಯಾವಾಗಲೂ ಹೀಗೆಯೇ ನಡೆಯುವುದೆಂದು ತಿಳಿಯಬಾರದು. ಇದೇ ನಾಲ್ವರಿಗೆ ‘ನ್ಯೂಜಿಲೆಂಡಿನ ರಾಜಧಾನಿ ಯಾವುದು?’ ಎಂಬ ಪ್ರಶ್ನೆ ಬಂದಿತೆನ್ನೋಣ. ಅಂಚೆಯವನು ಥಟ್ಟನೆ, ‘ಆಕ್ಲೆಂಡ್, ಅನುಮಾನವೇ ಇಲ್ಲ’ ಎನ್ನುತ್ತಾನೆ. ವಿದ್ಯಾರ್ಥಿನಿಯ ಮನಸ್ಸಿನಲ್ಲಿ ‘ವೆಲಿಂಗ್ಟನ್’ ಸುಳಿದಿತ್ತು. ಹಿರಿಯನ ಗಟ್ಟಿ ಧ್ವನಿಯೆದುರು ಅವಳು ಬಾಯಿ ತೆರೆಯುವುದಿಲ್ಲ. ತೆರೆದರೂ ‘ಇರಬಹುದೇನೋ’ ಎಂಬ ಬಾಲವೊಂದನ್ನು ಸೇರಿಸುತ್ತಾಳೆ. ಪೆನ್ಸಿಲ್ ಹಿಡಿದವನು ಆಕ್ಲೆಂಡ್ ಎಂದೇ ಬರೆಯುತ್ತಾನೆ. ಉತ್ತರ ಪ್ರಕಟವಾದಾಗ ಅವಳು ‘ನನಗೆ ಅನ್ನಿಸಿತ್ತು’ ಎನ್ನುತ್ತಾಳೆ. ಸಂಜೆಯಿಡೀ ಯಾವ ಮೇಜಿನಲ್ಲಿಯೂ ಇದಕ್ಕಿಂತ ಹೆಚ್ಚು ಬಾರಿ ಕೇಳಿಬರುವ ಮಾತು ಇನ್ನೊಂದಿಲ್ಲ. ಸೋತ ತಂಡಗಳ ಹಾಳೆಗಳನ್ನು ಪರಿಶೀಲಿಸಿದರೆ, ಮೊದಲು ಬರೆದು ಆಮೇಲೆ ಹೊಡೆದುಹಾಕಿದ ಸರಿಯುತ್ತರಗಳು ಒಂದೆರಡಾದರೂ ಕಂಡುಬರುತ್ತವೆ. ಅಜ್ಞಾನಕ್ಕಿಂತಲೂ ಅಲಕ್ಷ್ಯದಿಂದ ಕಳೆದುಕೊಂಡ ಅಂಕಗಳು ಅವು. ಗೊತ್ತಿದ್ದವರು ಹೇಳಲಿಲ್ಲ, ಅಥವಾ ಹೇಳಿದ್ದನ್ನು ಉಳಿದವರು ಕೇಳಲಿಲ್ಲ.

ಮನಶ್ಶಾಸ್ತ್ರಜ್ಞರು ೧೯೯೦ರ ದಶಕದಲ್ಲಿ ಇದಕ್ಕೆ ಹತ್ತಿರವಾದ ವಿಷಯವೊಂದನ್ನು ಪ್ರಯೋಗಗಳಿಂದ ಕಂಡುಕೊಂಡರು. ಒಂದು ಪಟ್ಟಿಯನ್ನು ಕಂಠಸ್ಥ ಮಾಡಿಕೊಂಡ ಕೆಲವರು ಒಟ್ಟಿಗೆ ಕುಳಿತು ನೆನಪಿಸಿಕೊಂಡರೆ ಒಬ್ಬೊಬ್ಬರಿಗಿಂತ ಹೆಚ್ಚು ಹೇಳುತ್ತಾರೆ, ನಿಜ. ಆದರೆ ಅಷ್ಟೇ ಜನ ಬೇರೆಬೇರೆ ಕುಳಿತು ಬರೆದು, ಆ ಹಾಳೆಗಳನ್ನು ಒಟ್ಟುಗೂಡಿಸಿದರೆ ಬರುವ ಮೊತ್ತಕ್ಕಿಂತ ಅದು ಕಡಿಮೆಯಾಗಿರುತ್ತದೆ. ಒಬ್ಬನ ಮಾತು ಇನ್ನೊಬ್ಬನ ನೆನಪಿನ ಎಳೆಯನ್ನು ಕತ್ತರಿಸುತ್ತದೆಂಬುದು ಅದಕ್ಕೆ ಅವರು ಕೊಟ್ಟ ಮುಖ್ಯ ಕಾರಣ. ನಾಲಗೆಯ ತುದಿಗೆ ಬಂದಿದ್ದ ಹೆಸರು ಪಕ್ಕದವನು ಬೇರೊಂದು ಹೆಸರನ್ನು ಉಚ್ಚರಿಸಿದೊಡನೆ ಮಾಯವಾಗುವುದನ್ನು ಯಾರು ತಾನೆ ಅನುಭವಿಸಿಲ್ಲ? ಆದುದರಿಂದ ಪಳಗಿದ ತಂಡಗಳು ಪ್ರಶ್ನೆ ಕೇಳಿದೊಡನೆ ಮಾತನಾಡುವುದಿಲ್ಲ. ಅರ್ಧ ನಿಮಿಷ ಮೌನ, ಪ್ರತಿಯೊಬ್ಬರೂ ಚೀಟಿಯೊಂದರಲ್ಲಿ ತಮ್ಮ ಉತ್ತರವನ್ನು ಬರೆದಿಡುತ್ತಾರೆ, ಚರ್ಚೆ ಆಮೇಲೆ. ಎಲ್ಲರಿಗಿಂತ ಕಿರಿಯರು ಮೊದಲು ಮಾತನಾಡಬೇಕೆಂಬ ನಿಯಮ ಮಾಡಿಕೊಂಡರಂತೂ ಇನ್ನೂ ಒಳ್ಳೆಯದು. ಸ್ನೇಹ ಹಳೆಯದಾದಷ್ಟೂ ಈ ಶಿಸ್ತು ಕಷ್ಟ. ಇಪ್ಪತ್ತು ವರ್ಷಗಳ ಮಿತ್ರರಲ್ಲಿ ಯಾರು ಯಾವುದರಲ್ಲಿ ಪಂಡಿತರೆಂಬುದು ನಿಷ್ಕರ್ಷೆಯಾಗಿಬಿಟ್ಟಿರುತ್ತದೆ. ಕ್ರಿಕೆಟ್ಟಿನ ಪ್ರಶ್ನೆಗೆ ದಾದಿಯ ಮುಖವನ್ನು ಯಾರೂ ನೋಡುವುದೇ ಇಲ್ಲ.

ಪ್ರಶ್ನಕಾರನ ಜವಾಬ್ದಾರಿಯೂ ಸಣ್ಣದಲ್ಲ. ‘ಜಗತ್ತಿನ ಅತಿ ದೊಡ್ಡ ಮರುಭೂಮಿ ಯಾವುದು?’ ಎಂದಷ್ಟೇ ಕೇಳಿದರೆ ಸಹಾರಾ ಎಂದವರಿಗೂ ಅಂಟಾರ್ಕ್ಟಿಕಾ ಎಂದವರಿಗೂ ಜಗಳ ತಪ್ಪದು. ‘ಉಷ್ಣ’ ಎಂಬ ಒಂದು ವಿಶೇಷಣ ಹಾಕಿದ್ದರೆ ಮುಗಿಯುತ್ತಿತ್ತು. ಉತ್ತರಗಳು ಕಾಲಕ್ರಮದಲ್ಲಿ ಸಾಯುವುದೂ ಉಂಟು. ಗ್ರಹಗಳೆಷ್ಟು ಎಂಬ ಪ್ರಶ್ನೆಗೆ ೨೦೦೬ರವರೆಗೆ ಒಂಬತ್ತು, ಪ್ಲೂಟೋವನ್ನು ಆ ಪಂಕ್ತಿಯಿಂದ ಎಬ್ಬಿಸಿದ ಮೇಲೆ ಎಂಟು. ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದ ಎತ್ತರ ೧೩೪೪ ಮೀಟರ್ ಎಂದು ಬಾಯಿಪಾಠ ಮಾಡಿದ್ದವರು, ೨೦೧೬ರ ಮರುಮಾಪನದ ನಂತರ ಅದು ೧೩೪೫ ಆದುದನ್ನು ತಿಳಿಯದೆ ಸೋತಿರಬಹುದು. ನಿಘಂಟು ಹಳೆಯದಾದಷ್ಟೂ ಬೆಲೆ ಹೆಚ್ಚು. ಪ್ರಶ್ನಸಂಗ್ರಹದ ಮಾತು ಹಾಗಲ್ಲ.

ಭಾರತಕ್ಕೆ ಈ ಆಟ ಪಬ್ಬಿನ ಬಾಗಿಲಿನಿಂದ ಬರಲಿಲ್ಲ. ನೀಲ್ ಓಬ್ರಿಯನ್ ಅವರು ಕಲ್ಕತ್ತೆಯಲ್ಲಿ ೧೯೬೭ರಲ್ಲಿ ಏರ್ಪಡಿಸಿದ ಪಂದ್ಯದಿಂದ ಇಲ್ಲಿಯ ಪರಂಪರೆಯನ್ನು ಎಣಿಸುವುದು ವಾಡಿಕೆ. ೧೯೭೨ರಲ್ಲಿ ಬೋರ್ನ್‌ವಿಟಾ ರಸಪ್ರಶ್ನೆ ಮಕ್ಕಳನ್ನು ಸೆಳೆಯಿತು. ೧೯೮೫ರಲ್ಲಿ ಸಿದ್ಧಾರ್ಥ ಬಸು ಅವರ ‘ಕ್ವಿಜ್ ಟೈಮ್’ ದೂರದರ್ಶನದಲ್ಲಿ ಬಂದಿತು. ಬೆಂಗಳೂರಿನಲ್ಲಿ ೧೯೮೩ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಸ್ಥಾಪಿತವಾಯಿತು. ಇಲ್ಲಿಯ ಶೈಲಿ ಬ್ರಿಟನ್ನಿನದಕ್ಕಿಂತ ಭಿನ್ನ. ಅಲ್ಲಿ ಪ್ರಶ್ನೆ ಒಂದು ಸಾಲಿನದು, ಗೊತ್ತಿದ್ದರೆ ಗೊತ್ತು. ಇಲ್ಲಿ ಪ್ರಶ್ನೆ ಉದ್ದವಾಗಿದ್ದು, ಸುಳಿವುಗಳನ್ನು ಹಿಡಿದು ಉತ್ತರದವರೆಗೆ ನಡೆಯಬೇಕು. ಒಗಟಿನ ನಾಡಿನಲ್ಲಿ ಹೀಗಾದುದು ಆಶ್ಚರ್ಯವಲ್ಲ. ಒಂದು ತಂಡ ಉತ್ತರಿಸದ ಪ್ರಶ್ನೆ ಮುಂದಿನ ತಂಡಕ್ಕೆ ಸರಿಯುತ್ತ ಹೋಗುವುದು ಇಲ್ಲಿಯ ಇನ್ನೊಂದು ಕ್ರಮ. ಬೆಂಗಳೂರಿನ ಪಬ್ಬುಗಳಲ್ಲಿಯೂ ಇಂಗ್ಲೆಂಡಿನ ಮಾದರಿಯ ಸಂಜೆಗಳು ನಂತರ ಕಾಲಿರಿಸಿವೆ. ಕನ್ನಡಿಗರ ಮನೆಮನೆಗೆ ರಸಪ್ರಶ್ನೆಯನ್ನು ಮುಟ್ಟಿಸಿದುದಾದರೋ ೨೦೦೨ರಲ್ಲಿ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು ಆರಂಭಿಸಿದ ‘ಥಟ್ ಅಂತ ಹೇಳಿ!’ ಕಾರ್ಯಕ್ರಮ. ಸರಿಯುತ್ತರಕ್ಕೆ ಅಲ್ಲಿ ಹಣದ ಬದಲು ಕನ್ನಡ ಪುಸ್ತಕ ಬಹುಮಾನ. ಪಬ್ಬಿನ ಜೂಜುಹಣಕ್ಕಿಂತ ಇದು ಎಷ್ಟು ಮೇಲೆಂಬುದನ್ನು ಯಾರಾದರೂ ಒಪ್ಪಿಯಾರು.

ಎಲ್ಲರ ಜೇಬಿನಲ್ಲಿಯೂ ಸರ್ವಜ್ಞನಾದ ದೂರವಾಣಿಯೊಂದು ಕುಳಿತಿರುವ ಈ ಕಾಲದಲ್ಲಿ ಇಂಥ ಆಟ ಉಳಿಯುವುದೆ ಎಂಬ ಪ್ರಶ್ನೆ ಸಹಜ. ಉತ್ತರವನ್ನು ತೆಗೆಯಲು ಎರಡು ಕ್ಷಣ ಸಾಕು. ಆದರೂ ಆಟ ಉಳಿದಿದೆ. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಬ್ರಿಟನ್ನಿನ ಪಬ್ಬುಗಳೆಲ್ಲ ಮುಚ್ಚಿದಾಗ, ಹಿಂದೆ ಪಬ್ ನಡೆಸುತ್ತಿದ್ದ ಜೇ ಫ್ಲಿನ್ ಎಂಬಾತನು ತನ್ನ ಪರಿಚಿತರಿಗಾಗಿ ಅಂತರಜಾಲದಲ್ಲಿ ಒಂದು ಪಂದ್ಯವನ್ನು ಏರ್ಪಡಿಸಿದನು. ಕಣ್ತಪ್ಪಿನಿಂದ ಆಹ್ವಾನ ಎಲ್ಲರಿಗೂ ತೆರೆದುಕೊಂಡು, ಲಕ್ಷಾಂತರ ಜನ ತಂತಮ್ಮ ಮನೆಗಳಲ್ಲಿ ಕುಳಿತು ಅವನ ಪ್ರಶ್ನೆಗಳಿಗೆ ಉತ್ತರಿಸಿದರು. ಅವರ ಪಕ್ಕದಲ್ಲಿ ಕಾವಲುಗಾರರಾರೂ ಇರಲಿಲ್ಲ, ನೋಡಿ ಬರೆಯಬಹುದಾಗಿತ್ತು. ನೋಡಿ ಬರೆದರೆ ಆಟವೇ ಇಲ್ಲವೆಂಬುದು ಅವರಿಗೆ ತಿಳಿದಿತ್ತು.

ಶಾಲೆಯ ಸಭಾಂಗಣದಲ್ಲಿ ಇಂಥ ಸಂಜೆಯೊಂದನ್ನು ಏರ್ಪಡಿಸಲು ಹೆಚ್ಚಿನ ವೆಚ್ಚವೇನೂ ತಗಲದು. ಎಂಟು ಮೇಜು, ಪ್ರತಿ ಮೇಜಿಗೆ ಐವರು. ಅವರಲ್ಲಿ ಒಬ್ಬರು ಉಪಾಧ್ಯಾಯರು, ಒಬ್ಬರು ಹಳೆಯ ವಿದ್ಯಾರ್ಥಿ, ಒಬ್ಬರು ದಾನಿಗಳ ಮನೆಯವರು, ಇಬ್ಬರು ಈಗ ಓದುತ್ತಿರುವ ಮಕ್ಕಳು ಇರುವಂತೆ ಚೀಟಿ ಎತ್ತಿ ಹಂಚಬೇಕು. ತಮ್ಮ ತಮ್ಮ ತಂಡವನ್ನು ತಾವೇ ಆರಿಸಿಕೊಳ್ಳಲು ಬಿಟ್ಟರೆ ಉಪಾಧ್ಯಾಯರೆಲ್ಲ ಒಂದೇ ಮೇಜಿಗೆ ಸೇರುವುದು ನಿಶ್ಚಯ. ದೂರವಾಣಿಗಳಿಗೆ ಬಾಗಿಲ ಬಳಿ ಒಂದು ಬುಟ್ಟಿ. ಆರು ಸುತ್ತು, ನಡುವೆ ಚಹ ಮತ್ತು ಮಂಡಕ್ಕಿ. ಪೆನ್ಸಿಲ್ ಹಿಡಿಯುವವರು ಪ್ರತಿ ಸುತ್ತಿಗೂ ಬದಲಾಗಬೇಕು. ಮಕ್ಕಳು ಬರೆಯುವ ಸುತ್ತಿನಲ್ಲಿ ಹಿರಿಯರು ತಮ್ಮ ಉತ್ತರವನ್ನು ಕಾರಣಸಹಿತ ಹೇಳಿ ಒಪ್ಪಿಸಬೇಕಾಗುತ್ತದೆ. ಸಮಾಂಕ ಬಂದರೆ, ಪ್ರಾರ್ಥನಾಮಂದಿರಕ್ಕೆ ಹತ್ತುವ ಮೆಟ್ಟಿಲುಗಳು ಎಷ್ಟೆಂದು ಕೇಳಬಹುದು. ಪ್ರಶ್ನಕಾರರು ಮಾತ್ರ ಹಿಂದಿನ ದಿನವೇ ಹೋಗಿ ಎಣಿಸಿ ಬಂದಿರಬೇಕು.